ಕಡೆಯ ಸ್ಥಾನದ ಲೆಕ್ಕ

ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ನಿಂತವನು ಎಲ್ಲರಿಗಿಂತ ದಡ್ಡನೆಂಬುದು ಲೋಕದ ನಂಬಿಕೆ. ಕಳೆದ ವರ್ಷ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಸಂಖ್ಯಾಶಾಸ್ತ್ರದ ಪಾಠ ಮಾಡುತ್ತಾ, ಸ್ಥಾನವು ಕ್ರಮವನ್ನು ಮಾತ್ರ ತಿಳಿಸುತ್ತದೆ, ಅಂತರವನ್ನು ತಿಳಿಸುವುದಿಲ್ಲ ಎಂದು ವಿವರಿಸಿದರು. ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಮನಸ್ಸು ಪಾಠವನ್ನು ಬಿಟ್ಟು, ಅರೆಕೆರೆಯ ನಮ್ಮ ಮನೆಯಲ್ಲಿ ರದ್ದಿ ಕಾಗದದ ನಡುವೆ ಉಳಿದುಕೊಂಡಿದ್ದ ಒಂದು ನೋಟುಬುಕ್ಕಿನ ಕಡೆಗೆ ಓಡಿತು. 2019ರ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಆಡಿದ 14 ಪಂದ್ಯಗಳ ಲೆಕ್ಕವನ್ನೂ ನಾನು ಅದರ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಆಗ ನಾನು ಪ್ರೌಢಶಾಲೆಯ ಹುಡುಗ. ಆ ವರ್ಷ ನಮ್ಮ ತಂಡ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಆ ಎಂಟನೆಯ ಸ್ಥಾನದ ಅರ್ಥವೇನೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕ್ರಿಕೆಟ್ಟಿನಲ್ಲಿ ಆಸಕ್ತಿಯಿಲ್ಲದ ಓದುಗರಿಗಾಗಿ ಒಂದು ಮಾತು. ಈ ಲೀಗಿನಲ್ಲಿ ಗೆದ್ದವರಿಗೆ ಎರಡು ಅಂಕ, ಸೋತವರಿಗೆ ಸೊನ್ನೆ. ಮಳೆಯಿಂದ ಪಂದ್ಯ ನಿಂತರೆ ತಲಾ ಒಂದು. ಮೊದಲ ನಾಲ್ಕು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಇಷ್ಟು ತಿಳಿದಿದ್ದರೆ ಸಾಕು.

ಮಾರ್ಚ್ 23ರಂದು ಚೆನ್ನೈಯಲ್ಲಿ ಮೊದಲ ಪಂದ್ಯ. ನಮ್ಮವರು 70 ರನ್ನಿಗೆ ಎಲ್ಲರೂ ಔಟಾದರು. "ಈ ಸಲ ಕಪ್ ನಮ್ದೇ" ಎಂದು ನಮ್ಮ ಬೀದಿಯ ಗೋಡೆಯ ಮೇಲೆ ಹುಡುಗರು ಬರೆದಿದ್ದ ಅಕ್ಷರಗಳು ಇನ್ನೂ ಆರಿರಲಿಲ್ಲ. ಮಾರ್ಚ್ 31ರಂದು ಹೈದರಾಬಾದಿನಲ್ಲಿ ಎದುರಾಳಿಗಳು ಎರಡೇ ವಿಕೆಟ್ಟಿಗೆ 231 ರನ್ನು ಬಾರಿಸಿದರು. ಬೇರ್‌ಸ್ಟೋ, ವಾರ್ನರ್ ಇಬ್ಬರದೂ ನೂರು. ಆ ದಿನ ಮೊದಲ ಬಾರಿಗೆ ಆಡಿದ ನಮ್ಮ ಪ್ರಯಾಸ್ ರೇ ಬರ್ಮನ್‌ಗೆ ವಯಸ್ಸು 16. ಅವನ ನಾಲ್ಕು ಓವರುಗಳಲ್ಲಿ 56 ರನ್ನು ಹೋದವು. ನನಗಿಂತ ಮೂರೇ ವರ್ಷಕ್ಕೆ ದೊಡ್ಡವನು! ಆ ಸಂಜೆ ಅವನ ಮುಖವನ್ನು ನೋಡಲಾರದೆ ನಾನು ಟಿ.ವಿ.ಯ ಮುಂದಿನಿಂದ ಎದ್ದು ಹೋದೆ. ಈ ಎರಡು ಸೋಲುಗಳ ಬಗ್ಗೆ ವಾದವಿಲ್ಲ, ಇವು ಸೋಲುಗಳೇ.

ಆದರೆ ಇವೆರಡರ ನಡುವೆ, ಮಾರ್ಚ್ 28ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಪಂದ್ಯವನ್ನು ನಿಧಾನವಾಗಿ ನೋಡಬೇಕು. ಮುಂಬಯಿ 187 ರನ್ನು ಗಳಿಸಿತ್ತು. ಕಡೆಯ ಓವರಿನಲ್ಲಿ ನಮಗೆ 17 ಬೇಕಾಗಿದ್ದವು. ಶಿವಂ ದುಬೆ ಮೊದಲ ಚೆಂಡನ್ನೇ ಸಿಕ್ಸರಿಗೆ ಎತ್ತಿದನು. ಆಮೇಲೆ ಒಂದೊಂದೇ ರನ್ನು. ಕಡೆಯ ಚೆಂಡಿಗೆ ಏಳು ಬೇಕಾದಾಗ ಮಾಲಿಂಗನ ಕಾಲು ಗೆರೆಯನ್ನು ದಾಟಿತ್ತು. ಅಂಪೈರು ಅದನ್ನು ಕಾಣಲಿಲ್ಲ. ಆರು ರನ್ನಿನಿಂದ ಸೋತೆವು. ನಮ್ಮ ಬೀದಿಯ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಅಂಪೈರನ್ನು ಬೈದರು, ನಾನೂ ಬೈದೆ. ಈಗ ಶಾಂತವಾಗಿ ನೋಡಿದರೆ, ಅದು ನೋ ಬಾಲೆಂದು ಸಾರಲ್ಪಟ್ಟಿದ್ದರೂ ಸಿಗುತ್ತಿದ್ದುದು ಒಂದು ರನ್ನು ಮತ್ತು ಇನ್ನೊಂದು ಚೆಂಡು. ಆ ಚೆಂಡಿಗೂ ಸಿಕ್ಸರೇ ಹೊಡೆಯಬೇಕಾಗಿತ್ತು. ಅನ್ಯಾಯವಾದದ್ದು ನಿಜ, ಗೆಲುವನ್ನೇ ಕಸಿದುಕೊಂಡರೆನ್ನುವುದು ಮಾತ್ರ ಉತ್ಪ್ರೇಕ್ಷೆ.

ಏಪ್ರಿಲ್ 5ರ ಪಂದ್ಯದಲ್ಲಿ ದೂರಲು ಅಂಪೈರೂ ಇರಲಿಲ್ಲ. ಕೊಹ್ಲಿ 84, ಡಿ ವಿಲಿಯರ್ಸ್ 63. ನಮ್ಮ ಮೊತ್ತ 205. ಕೋಲ್ಕತ್ತಕ್ಕೆ ಕಡೆಯ 18 ಚೆಂಡುಗಳಲ್ಲಿ 53 ಬೇಕಿದ್ದಾಗ ಅಂಗಡಿಯವರು, "ಇವತ್ತು ಗೆದ್ದೆವು ಕಣಪ್ಪಾ, ಬರ್ಕೋ" ಎಂದರು. ನಾನು ಬರೆದುಕೊಂಡೆ. ಮುಂದಿನ ಓವರಿನಲ್ಲಿ ಸಿರಾಜ್ ಸೊಂಟದೆತ್ತರಕ್ಕೆ ಎರಡು ಚೆಂಡುಗಳನ್ನು ಎಸೆದುದರಿಂದ ಅವರನ್ನು ನಡುವೆಯೇ ನಿಲ್ಲಿಸಿದರು. ಉಳಿದ ಚೆಂಡುಗಳನ್ನು ಸ್ಟೋಯ್ನಿಸ್ ಎಸೆದರು. ಆ ಓವರಿಗೆ 23. ಸೌಥಿಯ ಓವರಿಗೆ 29. ಇನ್ನೂ ಐದು ಚೆಂಡುಗಳು ಉಳಿದಿರುವಾಗಲೇ ಆಟ ಮುಗಿಯಿತು. ರಸೆಲ್ 13 ಚೆಂಡುಗಳಿಗೆ 48 ಹೊಡೆದಿದ್ದರು. ನೋಟುಬುಕ್ಕಿನಲ್ಲಿ "ಗೆಲುವು" ಎಂದು ಬರೆದು ಹೊಡೆದುಹಾಕಿದ ಗುರುತು ಇಂದಿಗೂ ಇದೆ.

ಜೈಪುರದಲ್ಲಿ ಒಂದು ಚೆಂಡು ಉಳಿದಿರುವಾಗ ಸೋಲು, ಡೆಲ್ಲಿಯ ಎದುರು ಮತ್ತೊಂದು ಸೋಲು. ಒಟ್ಟು ಮೊದಲ ಆರೂ ಹೋದವು. ಏಪ್ರಿಲ್ 13ರಂದು ಮೊಹಾಲಿಯಲ್ಲಿ ಮೊದಲ ಗೆಲುವು. ಮುಂದೆ ಚೆನ್ನೈಯನ್ನು ಒಂದೇ ರನ್ನಿನಿಂದ ಸೋಲಿಸಿದ್ದೂ ಉಂಟು. ಕಡೆಗೆ ಐದು ಗೆಲುವು, ಎಂಟು ಸೋಲು, ಮಳೆಯ ಪಾಲಾದ ಒಂದು ಪಂದ್ಯ, ಅಂಕ 11.

ಈಗ ನಮ್ಮ ಅಧ್ಯಾಪಕರ ಮಾತಿಗೆ ಬರೋಣ. ಆ ವರ್ಷ ನಾಲ್ಕನೆಯ ಸ್ಥಾನ ಪಡೆದು ಮುಂದಿನ ಸುತ್ತಿಗೆ ಹೋದ ಹೈದರಾಬಾದಿನ ಅಂಕ ಎಷ್ಟು? 12. ಐದನೆಯವರಿಗೂ ಆರನೆಯವರಿಗೂ 12. ಏಳನೆಯ ರಾಜಸ್ಥಾನಕ್ಕೆ ನಮ್ಮಷ್ಟೇ 11. ಅಂದರೆ ನಾಲ್ಕನೆಯವನಿಗೂ ಎಂಟನೆಯವನಿಗೂ ಇದ್ದ ಅಂತರ ಒಂದೇ ಅಂಕ! ರಾಜಸ್ಥಾನಕ್ಕಿಂತ ನಮ್ಮನ್ನು ಕೆಳಕ್ಕೆ ತಳ್ಳಿದ್ದು ರನ್ನುಗಳ ವೇಗದ ಲೆಕ್ಕ; ಅದನ್ನು ಕೆಡಿಸಿದ್ದರಲ್ಲಿ ಹೈದರಾಬಾದಿನ 118 ರನ್ನುಗಳ ಸೋಲಿನ ಪಾಲು ದೊಡ್ಡದು. ಎಂಟು ಸೋಲುಗಳಲ್ಲಿ ಯಾವುದೊಂದು ಗೆಲುವಾಗಿದ್ದರೂ 13 ಅಂಕ ಸೇರಿ ನಾಲ್ಕನೆಯವರಾಗುತ್ತಿದ್ದೆವು.

ಇದರ ಪಕ್ಕದಲ್ಲಿ 2017ನ್ನು ಇಡಬೇಕು. ಆಗಲೂ ನಮ್ಮವರು ಎಂಟನೆಯವರೇ. ಆ ವರ್ಷದ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49 ರನ್ನಿಗೆ ಕುಸಿದರು. ನಾಲ್ಕು ವರ್ಷಗಳ ಹಿಂದೆ ಅದೇ ತಾರೀಖಿನಂದು ಗೇಲ್ 175 ಹೊಡೆದು 263 ಮಾಡಿದ್ದ ತಂಡ ಅದು. 2017ರಲ್ಲಿ ಗೆಲುವು ಮೂರು, ಅಂಕ 7, ನಾಲ್ಕನೆಯವರಿಗೆ 16. ಅಂತರ ಒಂಬತ್ತು. ಪಟ್ಟಿಯಲ್ಲಿ ಎರಡು ವರ್ಷಗಳಿಗೂ ಒಂದೇ ಸ್ಥಾನ. ಒಂದು ವರ್ಷ ತಂಡ ನಿಜವಾಗಿ ಮುಳುಗಿತ್ತು. ಇನ್ನೊಂದು ವರ್ಷ ದಡದ ಹುಲ್ಲು ಕೈಗೆ ಸಿಕ್ಕಿ ಜಾರಿತ್ತು.

ಪಂದ್ಯಗಳು ಕಡಿಮೆಯಾದಷ್ಟೂ ಇಂಥ ಜಾರಿಕೆ ಹೆಚ್ಚು. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. 2024ರಲ್ಲಿ ಷಿಕಾಗೊ ವೈಟ್ ಸಾಕ್ಸ್ 121 ಸೋತು 41 ಗೆದ್ದಿತು. ಅಷ್ಟು ಉದ್ದದ ಲೆಕ್ಕದಲ್ಲಿ ಒಬ್ಬ ಅಂಪೈರಿನ ಕಣ್ತಪ್ಪಿಗೆ ಬೆಲೆಯಿಲ್ಲ. ಅದೇ ಆಟದ ಚರಿತ್ರೆಯಲ್ಲಿ 1899ರ ಕ್ಲೀವ್‌ಲೆಂಡ್ ಸ್ಪೈಡರ್ಸ್ ತಂಡದ ಕಥೆಯುಂಟು: 20 ಗೆಲುವು, 134 ಸೋಲು. ಅದರ ಒಡೆಯರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿಬಿಟ್ಟಿದ್ದರು.

ಆ ಕಥೆಯನ್ನು ಓದಿದಾಗ ನನಗೆ ಹಳೆಯ ನೋವೊಂದು ನೆನಪಾಯಿತು. 2019ರ ಮಾರ್ಚ್ 14ರಂದು ಇಂದೋರಿನಲ್ಲಿ ಕರ್ನಾಟಕ ತಂಡ ಮಹಾರಾಷ್ಟ್ರವನ್ನು ಸೋಲಿಸಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯನ್ನು ಗೆದ್ದಿತ್ತು. ಅದೂ 20 ಓವರುಗಳ ಆಟವೇ. ಒಂಬತ್ತು ದಿನಗಳ ಮೇಲೆ ಚೆನ್ನೈಯಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡ 70ಕ್ಕೆ ಬಿದ್ದಾಗ ಅದರಲ್ಲಿ ಕರ್ನಾಟಕದ ಆಟಗಾರ ಒಬ್ಬನೂ ಇರಲಿಲ್ಲ. ಇದ್ದ ದೇವದತ್ತ ಪಡಿಕ್ಕಲ್ ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ರಾಹುಲ್, ಮಯಾಂಕ್ ಪಂಜಾಬಿನಲ್ಲಿ. ಮನೀಷ್ ಪಾಂಡೆ ಹೈದರಾಬಾದಿನಲ್ಲಿ. ಉತ್ತಪ್ಪ, ಪ್ರಸಿದ್ಧ್ ಕೃಷ್ಣ ಕೋಲ್ಕತ್ತದಲ್ಲಿ. ಜೈಪುರದಲ್ಲಿ ಕೇವಲ 12 ರನ್ನು ಕೊಟ್ಟು ನಮ್ಮ ಮೂರು ವಿಕೆಟ್ ಕಿತ್ತವನು ಬೆಂಗಳೂರಿನ ಶ್ರೇಯಸ್ ಗೋಪಾಲ್. ಏಪ್ರಿಲ್ 30ರ ಮಳೆಯ ರಾತ್ರಿ, ಐದೇ ಓವರುಗಳಿಗೆ ಇಳಿದ ಪಂದ್ಯದಲ್ಲಿ, ಚಿನ್ನಸ್ವಾಮಿಯಲ್ಲೇ ಕೊಹ್ಲಿ, ಡಿ ವಿಲಿಯರ್ಸ್, ಸ್ಟೋಯ್ನಿಸ್ ಮೂವರನ್ನೂ ಸತತ ಚೆಂಡುಗಳಲ್ಲಿ ಔಟು ಮಾಡಿದವನೂ ಅವನೇ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಅಂಗಡಿಯ ಮುಂದೆ ಎಲ್ಲರೂ ಸುಮ್ಮನೆ ನಿಂತರು.

ಆದರೂ ಇದೇ ಸೋಲಿನ ಕಾರಣವೆಂದು ನಾನು ವಾದಿಸಲಾರೆ. ಕನ್ನಡಿಗರಿದ್ದ ಪಂಜಾಬನ್ನು ನಮ್ಮವರು ಎರಡು ಸಲವೂ ಸೋಲಿಸಿದರು. ಕೊಹ್ಲಿ 464, ಡಿ ವಿಲಿಯರ್ಸ್ 442 ರನ್ನು ಗಳಿಸಿದರು. ಚಾಹಲ್ 18 ವಿಕೆಟ್ ಪಡೆದರು. ನನ್ನ ಲೆಕ್ಕದಲ್ಲಿ ಕೊರತೆಯಿದ್ದುದು ಕಡೆಯ ಓವರುಗಳನ್ನು ಎಸೆಯುವವರದು. ನಡುವೆ ಬಂದ ಡೇಲ್ ಸ್ಟೇನ್ ಆಡಿದ್ದು ಎರಡು ಪಂದ್ಯ, ಎರಡರಲ್ಲೂ ಗೆಲುವು. ಆಮೇಲೆ ಭುಜದ ನೋವಿನಿಂದ ಅವರು ಹೊರಟುಹೋದರು.

2024ರ ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ನಮ್ಮ ತಂಡ ಒಂದು ರನ್ನಿನಿಂದ ಸೋತಿತು. ಎಂಟು ಪಂದ್ಯಗಳಲ್ಲಿ ಏಳನೆಯ ಸೋಲು. ಅಂಗಡಿಯವರು ಟಿ.ವಿ. ಆರಿಸಿ, "ಈ ವರ್ಷದ್ದೂ ಮುಗೀತಲ್ಲಪ್ಪಾ" ಎಂದರು. ನಾನು ಮನೆಗೆ ಬಂದು ಹಳೆಯ ನೋಟುಬುಕ್ಕನ್ನು ತೆಗೆದು ನೋಡಿದೆ. 2019ರಲ್ಲಿಯೂ ಎಂಟು ಪಂದ್ಯಗಳಾದಾಗ ಒಂದೇ ಗೆಲುವು, ಏಳು ಸೋಲು. ಉಳಿದ ಆರರಲ್ಲಿ ಅಂದು ನಾಲ್ಕು ಗೆದ್ದಿದ್ದರು. ಒಂದು ಅಂಕ ಸಾಲದೆ ಹೋಯಿತು. ಮರುದಿನ ಆ ಹಾಳೆಯನ್ನು ಅಂಗಡಿಗೆ ಒಯ್ದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಎಣಿಸಿ, "ಹಾಗಾದ್ರೆ ಇನ್ನೂ ಆರು ಇದೆ ಅನ್ನು" ಎಂದರು. ಆ ಸಲ ಆರನ್ನೂ ಗೆದ್ದು, 14 ಅಂಕಗಳೊಡನೆ ನಮ್ಮವರು ನಾಲ್ಕನೆಯವರಾದರು.