ಬಿದ್ದ ಹಾಲುಹಲ್ಲನ್ನು ಮಾಳಿಗೆಗೆ ಎಸೆಯುವ ಮುನ್ನ

ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ರೂಢಿ ನಮ್ಮಲ್ಲಿದೆ. ಆರನೇ ವರ್ಷದ ಸುಮಾರಿಗೆ ಬಿದ್ದ ಹಲ್ಲಾದರೆ ಧಾರಾಳವಾಗಿ ಎಸೆಯಿರಿ. ಆದರೆ ಎರಡು ಮೂರು ವರ್ಷದ ಮಗುವಿನ ಹಲ್ಲು, ಪೆಟ್ಟು ಬೀಳದೆ, ಹುಳುಕೂ ಇಲ್ಲದೆ ತಾನಾಗಿ ಉದುರಿದರೆ ಎಸೆಯಬೇಡಿ. ಅಪರೂಪದ ಆನುವಂಶಿಕ ಕಾಯಿಲೆಯೊಂದರ ಮೊದಲ ಸುಳಿವು ಅದರಲ್ಲಿರಬಹುದು. ಅದರ ಹೆಸರು ಹೈಪೊಫಾಸ್ಫಟೇಸಿಯಾ. 1948ರಲ್ಲಿ ಕೆನಡಾದ ವೈದ್ಯ ರಾಥ್‌ಬನ್ ಇದನ್ನು ಹೆಸರಿಸಿ ವಿವರಿಸಿದರು.

ಬೇರನ್ನು ನೋಡಿ

ಶಾಶ್ವತ ಹಲ್ಲು ಬರುತ್ತಿದ್ದಂತೆ ಹಾಲುಹಲ್ಲಿನ ಬೇರು ಕರಗುತ್ತದೆ. ಹೀಗಾಗಿ ಸಹಜವಾಗಿ ಬಿದ್ದ ಹಲ್ಲಿನಲ್ಲಿ ಬೇರು ಇರುವುದೇ ಇಲ್ಲವೆನ್ನಬಹುದು. ಈ ಕಾಯಿಲೆಯಲ್ಲಿ ಉದ್ದನೆಯ ಬೇರಿನ ಸಮೇತ ಇಡೀ ಹಲ್ಲು ಕಳಚಿ ಬರುತ್ತದೆ. ನೋವಿರುವುದಿಲ್ಲ, ರಕ್ತವೂ ಹೆಚ್ಚು ಬರುವುದಿಲ್ಲ. ಸಾಮಾನ್ಯವಾಗಿ ಮೊದಲು ಬೀಳುವುದು ಕೆಳದವಡೆಯ ಮುಂಭಾಗದ ಹಲ್ಲುಗಳು.

ಜಗಳೂರು ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ನಮಗೆಲ್ಲ ಗೊತ್ತು. ಅದರಿಂದ ಹಲ್ಲಿನ ಮೇಲೆ ಕಲೆ, ಗುಳಿ ಬೀಳುತ್ತದೆಯೇ ಹೊರತು ಮೂರನೇ ವರ್ಷಕ್ಕೆ ಬೇರುಸಮೇತ ಹಲ್ಲು ಉದುರುವುದಿಲ್ಲ.

ಕಾರಣವೇನು?

ಮೂಳೆ ಮತ್ತು ಹಲ್ಲುಗಳಲ್ಲಿ ಸುಣ್ಣದ ಅಂಶ ಕೂಡಲು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಬೇಕು. ಪೈರೋಫಾಸ್ಫೇಟ್ ಎಂಬ ವಸ್ತು ಸುಣ್ಣ ಕೂಡದಂತೆ ತಡೆಯುತ್ತದೆ. ಅದನ್ನು ಒಡೆಯುವುದು ಈ ಕಿಣ್ವದ ಕೆಲಸ. ಹುಟ್ಟಿನಿಂದಲೇ ಕಿಣ್ವ ಕಡಿಮೆಯಿದ್ದರೆ ಬೇರಿನ ಮೇಲಿನ ಸಿಮೆಂಟಂ ಎಂಬ ಪದರ ಸರಿಯಾಗಿ ಬೆಳೆಯದು. ದವಡೆಯ ನಾರುಗಳಿಗೆ ಹಿಡಿತ ಸಿಗದೆ, ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆಯಂತೆ ಹಲ್ಲು ಸಡಿಲವಾಗುತ್ತದೆ.

ಕೆಲವರಲ್ಲಿ ತೊಂದರೆ ಹಲ್ಲಿಗಷ್ಟೇ ಸೀಮಿತ. ಇನ್ನು ಕೆಲವು ಮಕ್ಕಳು ತಡವಾಗಿ ನಡೆಯುತ್ತಾರೆ, ಬಾತುಕೋಳಿಯಂತೆ ಓಲಾಡುತ್ತಾರೆ, ಕಾಲುನೋವು ಎನ್ನುತ್ತಾರೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಕಾಣಿಸುವ ತೀವ್ರ ರೂಪ ಪ್ರಾಣಕ್ಕೇ ಅಪಾಯ.

ರಿಕೆಟ್ಸ್ ಅಲ್ಲ

ಕಾಲು ಬಾಗಿದರೆ ರಿಕೆಟ್ಸ್ ಎಂದು ತಿಳಿದು ವಿಟಮಿನ್ ಡಿ, ಕ್ಯಾಲ್ಸಿಯಂ ಕೊಡುವುದುಂಟು. ರಿಕೆಟ್ಸ್‌ನಲ್ಲಿ ರಕ್ತದ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ. ಈ ಕಾಯಿಲೆಯಲ್ಲಿ ಇಳಿದಿರುತ್ತದೆ. ಇಲ್ಲಿ ಆ ಔಷಧಿಗಳನ್ನು ಅನಗತ್ಯವಾಗಿ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಆದ್ದರಿಂದ ಮೊದಲು ರಕ್ತಪರೀಕ್ಷೆ ಆಗಲಿ.

ಒಂದು ಎಚ್ಚರಿಕೆ: ಬೆಳೆಯುವ ಮಕ್ಕಳಲ್ಲಿ ಈ ಕಿಣ್ವ ದೊಡ್ಡವರಿಗಿಂತ ಹೆಚ್ಚಿರುತ್ತದೆ. ವರದಿಯಲ್ಲಿ ದೊಡ್ಡವರ ಪ್ರಮಾಣವನ್ನೇ ಅಚ್ಚುಹಾಕಿದ್ದರೆ ಮಗುವಿನ ಕೊರತೆ ಸಹಜವೆಂದೇ ಕಾಣುತ್ತದೆ. ವಯಸ್ಸಿಗೆ ತಕ್ಕ ಪ್ರಮಾಣದೊಡನೆ ಹೋಲಿಸಲು ವೈದ್ಯರನ್ನು ಕೇಳಿಕೊಳ್ಳಿ. ಅಪೌಷ್ಟಿಕತೆಯಿಂದಲೂ ಕಿಣ್ವ ಇಳಿಯಬಹುದು. ಒಮ್ಮೆ ಕಡಿಮೆ ಬಂದ ಮಾತ್ರಕ್ಕೆ ಗಾಬರಿ ಬೇಡ, ಮತ್ತೊಮ್ಮೆ ಪರೀಕ್ಷಿಸಬೇಕು.

ಎಲ್ಲಿಗೆ ಹೋಗಬೇಕು?

ದಾವಣಗೆರೆ, ಹರಿಹರದವರು ಇದಕ್ಕಾಗಿ ದೂರ ಅಲೆಯಬೇಕಾಗಿಲ್ಲ. 1979ರಲ್ಲಿ ಆರಂಭವಾದ ಬಾಪೂಜಿ ದಂತ ಕಾಲೇಜು ದಾವಣಗೆರೆಯಲ್ಲೇ ಇದೆ. ಬಿದ್ದ ಹಲ್ಲನ್ನು ತೊಳೆದು, ಒಣಗಿಸಿ, ಸಣ್ಣ ಡಬ್ಬಿಯಲ್ಲಿಟ್ಟು ಮಕ್ಕಳ ದಂತವೈದ್ಯರಿಗೆ ತೋರಿಸಿ. ಒಸಡಿನ ತೀವ್ರ ಸೋಂಕು, ಬಿಳಿ ರಕ್ತಕಣಗಳ ದೋಷದಿಂದಲೂ ಹಲ್ಲು ಬೇಗ ಬೀಳಬಹುದು. ಅವನ್ನೂ ಅವರು ಪರಿಶೀಲಿಸುತ್ತಾರೆ. ಸಂಶಯ ಉಳಿದರೆ ಮಕ್ಕಳ ತಜ್ಞರು ಎಕ್ಸ್‌-ರೇ, ರಕ್ತಪರೀಕ್ಷೆ ಮಾಡಿಸುತ್ತಾರೆ. ವಂಶವಾಹಿ ಪರೀಕ್ಷೆ ಮತ್ತು ಸಲಹೆಗೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವಿದೆ.

ಇದು ತಾಯಿಯ ಆರೈಕೆಯ ಲೋಪವಲ್ಲ. ತೀವ್ರ ರೂಪದಲ್ಲಿ ತಂದೆತಾಯಿ ಇಬ್ಬರಿಂದಲೂ ದೋಷ ಬಂದಿರುತ್ತದೆ. ಅಂಥ ದಂಪತಿಯ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾದವರಲ್ಲಿ ಈ ಸಂಭವ ಹೆಚ್ಚು. ಸೌಮ್ಯ ರೂಪ ಒಬ್ಬರಿಂದಲೇ ಬರಬಹುದು. ಮುಂದಿನ ಮಗುವಿನ ಯೋಚನೆಗೆ ಮೊದಲು ಸಲಹೆ ಪಡೆಯಿರಿ.

ಚಿಕಿತ್ಸೆ ಇಲ್ಲವೆಂದು ಕೈಚೆಲ್ಲಬೇಡಿ. ಕೊರತೆಯಾದ ಕಿಣ್ವದ ಬದಲು ಕೊಡುವ ಆಸ್ಫೊಟೇಸ್ ಆಲ್ಫಾ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕ, ಯೂರೋಪ್, ಜಪಾನ್ ಅನುಮತಿ ಕೊಟ್ಟವು. ಅದು ಬಹಳ ದುಬಾರಿ. ಆದರೆ ತೆಗೆದಿಡಬಹುದಾದ ಪುಟ್ಟ ಹಲ್ಲಿನ ಸೆಟ್ಟು ಮಾಡಿಸಿದರೆ ಮಗು ರೊಟ್ಟಿ ಅಗಿಯುತ್ತದೆ, ಮಾತು ಸ್ಪಷ್ಟವಾಗುತ್ತದೆ. ಶಾಶ್ವತ ಹಲ್ಲುಗಳು ಬಹುಪಾಲು ಮಕ್ಕಳಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತವೆ.

ಹಾಲುಹಲ್ಲು ತಾನೇ, ಮತ್ತೆ ಬರುತ್ತದೆ ಎಂದು ಸುಮ್ಮನಿರಬೇಡಿ. ಐದು ವರ್ಷ ತುಂಬುವ ಮೊದಲೇ ಬಿದ್ದ ಹಲ್ಲನ್ನು ತಿರುಗಿಸಿ ಅದರ ಬೇರನ್ನೊಮ್ಮೆ ನೋಡಿ.