ಸೊಳ್ಳೆಪರದೆಯೊಳಗಿನ ಬರವಣಿಗೆ

ರಾತ್ರಿಯ ಕಡೆಯ ಸೊಪ್ಪನ್ನು ರೇಷ್ಮೆಹುಳುಗಳಿಗೆ ಹಾಕಿ, ಕೈಕಾಲು ತೊಳೆದು ಬಂದು, ಜಗುಲಿಯ ಮಂಚಕ್ಕೆ ಕಟ್ಟಿದ ಸೊಳ್ಳೆಪರದೆಯೊಳಕ್ಕೆ ಹಲಗೆ, ಕಾಗದ, ದೀಪಗಳೊಡನೆ ಪ್ರವೇಶಿಸಿ ಬರೆಯತೊಡಗುವ ನನ್ನ ಪರಿಪಾಠವನ್ನು ಕಂಡ ಪಟ್ಟಣದ ಮಿತ್ರರು ಇದು ಸಾಹಿತಿಗಳ ವಿಲಕ್ಷಣತೆಯೆಂದು ನಗುವುದುಂಟು. ಶಿಡ್ಲಘಟ್ಟದ ಸೀಮೆಯ ರೈತನಿಗಾದರೋ ಇದರಲ್ಲಿ ವಿಚಿತ್ರವೇನೂ ತೋರದು. ಸೊಳ್ಳೆಬತ್ತಿಯ ಹೊಗೆ ರೇಷ್ಮೆಹುಳುವಿಗೆ ವಿಷ. ಊದುಬತ್ತಿ, ಹೊಗೆಸೊಪ್ಪು, ಘಮಘಮಿಸುವ ತಲೆಯೆಣ್ಣೆಗಳೂ ಹುಳು ಸಾಕುವ ಮನೆಯಲ್ಲಿ ವರ್ಜ್ಯ. ಆದುದರಿಂದ ನನ್ನ ಸರಸ್ವತಿಗೆ ಧೂಪವಿಲ್ಲ, ನನ್ನ ತಾಂಬೂಲಕ್ಕೆ ಹೊಗೆಸೊಪ್ಪಿಲ್ಲ.

ಬರೆಯುವ ವೇಳೆಯನ್ನು ಗೊತ್ತುಮಾಡುವ ಅಧಿಕಾರವೂ ಹುಳುವಿನದೇ. ಮೊಟ್ಟೆಯೊಡೆದು ಬಂದ ಮರಿ ಗೂಡು ಕಟ್ಟುವ ತನಕದ ಸುಮಾರು 25 ದಿನಗಳ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು ಜ್ವರವೆನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯನ್ನೆತ್ತಿಕೊಂಡು ನಿಶ್ಚಲವಾಗಿದ್ದು, ಹೆಚ್ಚುಕಡಿಮೆ ಒಂದು ದಿನ ಮೇವನ್ನು ಮುಟ್ಟದು. ಹಾಸು ಒಣಗಿರಲೆಂದು ಸುಣ್ಣದ ಪುಡಿಯನ್ನು ಉದುರಿಸಿ, ಗಾಳಿಯಾಡಲು ಬಿಟ್ಟ ಮೇಲೆ ಸಾಕುವವನಿಗೆ ಬೇರೆ ಕೆಲಸವಿಲ್ಲ. ನನ್ನ ದೀರ್ಘ ಪ್ರಬಂಧಗಳು ಬಹುಮಟ್ಟಿಗೆ ಈ ಬಿಡುವಿನಲ್ಲಿಯೇ ಹುಟ್ಟಿದುವು. ನಾಲ್ಕನೆಯ ಜ್ವರದಿಂದೆದ್ದ ಹುಳುವಾದರೋ, ತನ್ನ ಜೀವಮಾನದ ಮೇವಿನಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಪಾಲನ್ನು ಮುಂದಿನ ಒಂದು ವಾರದಲ್ಲಿಯೇ ತಿಂದು ಮುಗಿಸುವುದರಿಂದ, ಮನೆಮಂದಿಯೆಲ್ಲ ಹಿಪ್ಪುನೇರಳೆ ಕೊಯ್ಯುವುದರಲ್ಲಿಯೂ ಹೊರುವುದರಲ್ಲಿಯೂ ಮುಳುಗಿರುತ್ತೇವೆ. ಲೆಕ್ಕದ ಪುಸ್ತಕದ ಅಂಚಿನಲ್ಲಿ, ಸೊಪ್ಪಿನ ಕರೆ ಹಿಡಿದ ಬೆರಳುಗಳಿಂದ ಸೀಸದಕಡ್ಡಿಯಲ್ಲಿ ಗೀಚಿದ ಅರೆವಾಕ್ಯಗಳಷ್ಟೇ ಆ ವಾರದ ಸಾಹಿತ್ಯಕೃಷಿ.

ಈ ನಿರ್ಬಂಧದಿಂದ ನಾನು ಕಲಿತ ಮೊದಲನೆಯ ಪಾಠವೆಂದರೆ, ಸ್ಫೂರ್ತಿ ಬಂದಾಗ ಬರೆದೇನೆಂಬ ಸಂಕಲ್ಪಕ್ಕಿಂತ ಬಿಡುವು ದೊರೆತಾಗ ಬರೆಯಲೇಬೇಕೆಂಬ ಅನಿವಾರ್ಯತೆ ಹೆಚ್ಚು ಫಲಕಾರಿಯೆಂಬುದು. ಎರಡನೆಯದು, ಅರ್ಧಕ್ಕೆ ನಿಂತ ಲೇಖನ ಕೆಡುವುದಿಲ್ಲವೆಂಬುದು: ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟು, ಮತ್ತೆ ಹಸ್ತಪ್ರತಿಯನ್ನು ತೆರೆದಾಗ, ಬರೆದಂದು ಸೊಗಸಾಗಿ ಕಂಡ ಅಲಂಕಾರಗಳು ಭಾರವೆನಿಸಿ ತಾವಾಗಿ ಉದುರುತ್ತವೆ. ಮೂರನೆಯದನ್ನು ಕಲಿಸಿದವರು ಗೂಡಿನ ಮಾರುಕಟ್ಟೆಗೆ ಬರುವ, ನೂಲು ಬಿಚ್ಚುವ ರೀಲರುಗಳು. ಹರಾಜಿಗೆ ಮುನ್ನ ಅವರು ಗೂಡೊಂದನ್ನು ಕಿವಿಯ ಬಳಿ ಅಲುಗಿಸಿ, ಒಳಗಣ ಕೋಶ ಚೆನ್ನಾಗಿ ಬಲಿತಿದೆಯೇ ಎಂದು ಸದ್ದಿನಿಂದಲೇ ಅರಿಯುವಂತೆ, ನಾನೂ ವಾಕ್ಯವನ್ನು ಗಟ್ಟಿಯಾಗಿ ಓದಿ, ಕಿವಿಯೊಪ್ಪಿದ ಮೇಲೆಯೇ ಉಳಿಸಿಕೊಳ್ಳುತ್ತೇನೆ.

ಹಾಗೆಂದು ನನ್ನ ಪರಿಪಾಠವನ್ನು ಅನ್ಯರಿಗೆ ವಿಧಿಸಲಾರೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಉಡುಪಿನಲ್ಲಿಯೂ ವೇಳೆಯಲ್ಲಿಯೂ ಎಳ್ಳಷ್ಟು ಶೈಥಿಲ್ಯವನ್ನು ಸಹಿಸದೆ ಬಾಳಿ, ತೊಂಬತ್ತರ ಇಳಿವಯಸ್ಸಿನಲ್ಲಿ, 1951ರಲ್ಲಿ, ತಮ್ಮ ವೃತ್ತಿಜೀವನದ ಸ್ಮರಣೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು, ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯ ಪದವಿಗೇರಿಯೂ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನೇ ಮನೆಯಾಗಿಸಿಕೊಂಡು, ಖಾದಿಯುಟ್ಟು, ಅವಿವಾಹಿತರಾಗಿಯೇ ಉಳಿದು ‘ಹೋರಾಟದ ಹಾದಿ’ ಎಂಬ ಆತ್ಮಕಥೆಯನ್ನು ಬರೆದರು. ಒಬ್ಬರದು ಸೂಟುಪೇಟಗಳ ಶಿಸ್ತು, ಇನ್ನೊಬ್ಬರದು ಅಪರಿಗ್ರಹ. ಏನನ್ನುಡಬೇಕು, ಎಲ್ಲಿರಬೇಕು ಎಂಬ ಕ್ಷುಲ್ಲಕ ನಿರ್ಣಯಗಳನ್ನು ಒಮ್ಮೆಗೇ ಮುಗಿಸಿ ಮನಸ್ಸನ್ನು ಕಾರ್ಯಕ್ಕೆ ಮೀಸಲಿರಿಸಿದುದರಲ್ಲಿ ಮಾತ್ರ ಇಬ್ಬರೂ ಸಮಾನರು. ಸೂಟನ್ನೋ ಕೋಣೆಯನ್ನೋ ಅನುಕರಿಸಿದವನಿಗೆ ಈ ಫಲ ಸಿದ್ಧಿಸದು.

ಬರೆಯಬೇಕೆಂಬ ಹಂಬಲದ ಚಿಂತಾಮಣಿಯ ತರುಣನೊಬ್ಬ, “ಯಾವ ಹೊತ್ತಿನಲ್ಲಿ ಕೂತರೆ ಒಳ್ಳೇದು ಸಾರ್?” ಎಂದು ಕೇಳಿದಾಗ, “ನಿನ್ನ ಮನೆಯಲ್ಲಿ ದಿನವೂ ತಪ್ಪದೆ ನಡೆಯುವ ಕೆಲಸ ಯಾವುದಪ್ಪ?” ಎಂದೆ. ಮುಂಜಾನೆ ಹಾಲು ಕರೆದು ಡೇರಿಗೆ ಹಾಕಿ ಬರುತ್ತೇನೆಂದ. “ಹಾಗಾದರೆ ಡೇರಿಯಿಂದ ಬಂದವನು ಕ್ಯಾನು ತೊಳೆದಿಟ್ಟು ಅಲ್ಲಿಯೇ ಬರೆಯಲು ಕೂತುಕೊ, ಹಸುವಿಗೆ ರಜಾ ಇಲ್ಲವಾದ್ದರಿಂದ ನಿನಗೂ ಇರುವುದಿಲ್ಲ” ಎಂದು ಹೇಳಿ ಕಳುಹಿಸಿದೆ.