ಎಸ್‌ಟಿಡಿ ಕರೆಯ ಲೆಕ್ಕ: ಮೀಟರು ಎಣಿಸುತ್ತಿದ್ದುದು ಏನನ್ನು?



ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಬೆಂಗಳೂರಿಗೆ ಮೊಬೈಲಿನಲ್ಲಿ ಮಾತನಾಡುವಾಗ ಈಗ ಯಾರೂ ಗಡಿಯಾರ ನೋಡುವುದಿಲ್ಲ. ಆದರೆ ಮನೆಯಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಎಸ್‌ಟಿಡಿ ಬೂತಿನ ಹಳದಿ ಫಲಕ, ಗಾಜಿನ ಪುಟ್ಟ ಕೋಣೆ, ಅದರೊಳಗೆ ಕೆಂಪು ಅಂಕಿಗಳ ಮೀಟರು ಅವರಿಗೆ ನೆನಪಿರುತ್ತದೆ. ಬಾಯಿ ಮಾತನಾಡುತ್ತಿದ್ದರೆ ಕಣ್ಣು ಮೀಟರಿನ ಮೇಲೆ! ಮಾತು ಮುಗಿದೊಡನೆ ಯಂತ್ರದಿಂದ ಒಂದು ಚೀಟಿ ಹೊರಬರುತ್ತಿತ್ತು. ಓದು ಬಾರದವರು ಬೂತಿನವರು ಹೇಳಿದಷ್ಟು ಹಣ ಕೊಡಬೇಕಾಗಿತ್ತು. ಓದುವ ಮಕ್ಕಳು ಜೊತೆಗಿದ್ದರೆ ಚೀಟಿ ಓದಿ ಲೆಕ್ಕ ಸರಿನೋಡುತ್ತಿದ್ದರು.

ಆ ಚೀಟಿಯ ಹಿಂದಿದ್ದ ವಿಜ್ಞಾನವನ್ನೂ ಗಣಿತವನ್ನೂ ಈಗ ತಿಳಿಯೋಣ.

ಟ್ರಂಕ್ ಕಾಲ್‌ನಿಂದ ಎಸ್‌ಟಿಡಿಗೆ

ಮೊದಲು ದೂರದ ಊರಿಗೆ ಮಾತನಾಡಬೇಕಾದರೆ 'ಟ್ರಂಕ್ ಕಾಲ್' ಕಾದಿರಿಸಬೇಕಾಗಿತ್ತು. ಎಕ್ಸ್‌ಚೇಂಜಿನ ಆಪರೇಟರು ತಂತಿಗಳನ್ನು ಜೋಡಿಸಿ, ಮಾತನಾಡಿದ ಸಮಯವನ್ನು ಬರೆದುಕೊಳ್ಳುತ್ತಿದ್ದರು. ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು.

1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಭಾರತದ ಮೊದಲ ಎಸ್‌ಟಿಡಿ ಸೇವೆ ಆರಂಭವಾಯಿತು. ಎಸ್‌ಟಿಡಿ ಎಂದರೆ ಚಂದಾದಾರರು ಆಪರೇಟರ ಸಹಾಯವಿಲ್ಲದೆ ದೂರದ ಊರಿಗೆ ತಾವೇ ಡಯಲ್ ಮಾಡುವ ವ್ಯವಸ್ಥೆ. ಹಳ್ಳಿಗಳಿಗೆ ದೂರವಾಣಿ ತಲುಪಿಸುವುದರಲ್ಲಿ ನಮ್ಮ ನಾಡಿಗೂ ಒಂದು ಹೆಮ್ಮೆಯ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಬಿಸಿಲು, ಧೂಳು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ಕೆಲಸ ಮಾಡಬಲ್ಲ ಗ್ರಾಮೀಣ ಎಕ್ಸ್‌ಚೇಂಜನ್ನು ತಯಾರಿಸಿತು. ಅದು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಸಂಖ್ಯೆಯಲ್ಲಿದೆ ವಿಳಾಸ

ರಾಣೆಬೆನ್ನೂರಿನ ಎಸ್‌ಟಿಡಿ ಸಂಕೇತ 08373. ಹಾವೇರಿಯದು 08375. ಬೆಂಗಳೂರಿನದು 080. ಮೊದಲ ಸೊನ್ನೆ 'ಈ ಕರೆ ನಮ್ಮ ಪ್ರದೇಶದಿಂದ ಹೊರಗೆ ಹೋಗುತ್ತಿದೆ' ಎಂದು ಎಕ್ಸ್‌ಚೇಂಜಿಗೆ ತಿಳಿಸುತ್ತದೆ. ಉಳಿದ ಅಂಕಿಗಳು ಯಾವ ಪ್ರದೇಶಕ್ಕೆ ಎಂಬುದನ್ನು ಹೇಳುತ್ತವೆ.

ಸೊನ್ನೆ ಬಿಟ್ಟು ಎಣಿಸಿ. ರಾಣೆಬೆನ್ನೂರಿಗೆ ಸಂಕೇತದ 4 ಅಂಕಿ, ಮನೆಯ ದೂರವಾಣಿಯ 6 ಅಂಕಿ, ಒಟ್ಟು 10. ಬೆಂಗಳೂರಿಗೆ 2 ಮತ್ತು 8, ಒಟ್ಟು 10. ಊರು ದೊಡ್ಡದಾದಷ್ಟೂ ದೂರವಾಣಿಗಳು ಹೆಚ್ಚು. ಆದ್ದರಿಂದ ಅಲ್ಲಿ ಸಂಕೇತ ಚಿಕ್ಕದು, ಮನೆಯ ಸಂಖ್ಯೆ ಉದ್ದ.

ಪಲ್ಸ್ ಎಂಬ ಅಳತೆ

ಆಪರೇಟರೇ ಇಲ್ಲವೆಂದ ಮೇಲೆ ಸಮಯ ಬರೆದುಕೊಳ್ಳುವವರು ಯಾರು? ಆ ಕೆಲಸವನ್ನು 'ಪಲ್ಸ್', ಅಂದರೆ ವಿದ್ಯುತ್ ಮಿಡಿತ, ಮಾಡುತ್ತಿತ್ತು. ಆ ಕಡೆಯವರು ಫೋನ್ ಎತ್ತಿದ ಕ್ಷಣದಿಂದ ಎಕ್ಸ್‌ಚೇಂಜ್ ಗೊತ್ತಾದ ಅಂತರದಲ್ಲಿ ಮಿಡಿತಗಳನ್ನು ಎಣಿಸುತ್ತಿತ್ತು. ಒಂದು ಮಿಡಿತಕ್ಕೆ ಮೀಟರಿನಲ್ಲಿ ಒಂದು ಅಂಕಿ. ಗಂಟೆ ಬಾರಿಸಿದರೂ ಯಾರೂ ಎತ್ತದಿದ್ದರೆ ಮಿಡಿತವಿಲ್ಲ, ಹಣವೂ ಇಲ್ಲ. 'ಊರು ಮುಟ್ಟಿದೆ' ಎಂದು ತಿಳಿಸಲು ಜನ ಮಿಸ್ಡ್ ಕಾಲ್ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಬೂತಿನ ಮೀಟರಿಗಾಗಿ ಈ ಮಿಡಿತವನ್ನು 16,000 ಹರ್ಟ್ಸ್ ಆವೃತ್ತಿಯ ಸಂಕೇತವಾಗಿ ಅದೇ ತಂತಿಯಲ್ಲಿ ಕಳಿಸುವ ಏರ್ಪಾಡೂ ಇತ್ತು. ಹಾಗಾದರೆ ಮಾತನಾಡುವವರಿಗೆ ಅದು ಏಕೆ ಕೇಳಿಸುತ್ತಿರಲಿಲ್ಲ? ದೂರವಾಣಿಯಲ್ಲಿ ಮಾತು ಸಾಗುವುದು ಸುಮಾರು 300ರಿಂದ 3,400 ಹರ್ಟ್ಸ್‌ಗಳ ನಡುವೆ ಮಾತ್ರ. ಒಂದೇ ರಸ್ತೆಯಲ್ಲಿ ಮಾತು ಒಂದು ಬದಿಗೆ, ಲೆಕ್ಕ ಇನ್ನೊಂದು ಬದಿಗೆ ಸಾಗಿದಂತೆ!

ದೂರ ಮತ್ತು ಹೊತ್ತು

ದೂರದ ಕರೆಗೆ ದರ ಹೆಚ್ಚು ಎನ್ನುತ್ತಿದ್ದೆವಲ್ಲ, ನಿಜವಾಗಿ ಒಂದು ಮಿಡಿತದ ಬೆಲೆ ಹೆಚ್ಚುತ್ತಿರಲಿಲ್ಲ. ಮಿಡಿತಗಳ ನಡುವಿನ ಅಂತರ ಕಡಿಮೆಯಾಗುತ್ತಿತ್ತು. ಸ್ಥಳೀಯ ಕರೆಗೆ 180 ಸೆಕೆಂಡಿಗೆ ಒಂದು ಮಿಡಿತವಿದ್ದರೆ, ದೂರದ ಊರಿಗೆ ಕೆಲವೇ ಸೆಕೆಂಡಿಗೆ ಒಂದು. ದೂರವನ್ನು ರಸ್ತೆಯ ಮೇಲೆ ಅಳೆಯದೆ ನಕ್ಷೆಯ ಮೇಲೆ ನೇರ ಗೆರೆಯಲ್ಲಿ ಅಳೆಯುತ್ತಿದ್ದರು. ಹಾಗೆ ಅಳೆದರೆ ರಾಣೆಬೆನ್ನೂರಿನಿಂದ ಹಾವೇರಿ ಸುಮಾರು 30 ಕಿ.ಮೀ., ಬೆಂಗಳೂರು ಸುಮಾರು 280 ಕಿ.ಮೀ.

ಹೊತ್ತಿನಿಂದಲೂ ಅಂತರ ಬದಲಾಗುತ್ತಿತ್ತು. ಹಗಲಿನಲ್ಲಿ ಕಚೇರಿ, ಅಂಗಡಿಗಳ ಕರೆಗಳಿಂದ ಮಾರ್ಗಗಳು ತುಂಬಿರುತ್ತಿದ್ದವು. ರಾತ್ರಿ ಖಾಲಿ. ಖಾಲಿ ಬಸ್ಸು ಓಡಿಸುವುದಕ್ಕಿಂತ ಕಡಿಮೆ ದರಕ್ಕೆ ಜನರನ್ನು ಹತ್ತಿಸಿಕೊಳ್ಳುವುದು ಮೇಲಲ್ಲವೆ? 1990ರ ದಶಕದಲ್ಲಿ ರಾತ್ರಿ 11ರ ನಂತರ ಕಾಲು ಭಾಗದ ದರವಿತ್ತು. ಆ ಹೊತ್ತಿಗೆ ಬೂತುಗಳ ಮುಂದೆ ಸಾಲು ನಿಲ್ಲುತ್ತಿತ್ತು.

ಲೆಕ್ಕ ಮಾಡೋಣ

ಹಗಲಿನಲ್ಲಿ 6 ಸೆಕೆಂಡಿಗೆ, ತಡರಾತ್ರಿ 24 ಸೆಕೆಂಡಿಗೆ ಒಂದು ಮಿಡಿತ, ಮಿಡಿತಕ್ಕೆ 1 ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬ ತಾಯಿ ಬೆಂಗಳೂರಿನಲ್ಲಿರುವ ಮಗನೊಡನೆ 118 ಸೆಕೆಂಡು ಮಾತನಾಡಿದರು.

ಹಗಲು: 118 ÷ 6 = 19 ಪೂರ್ಣ, ಉಳಿದದ್ದು 4 ಸೆಕೆಂಡು. ಉಳಿದ ಭಾಗಕ್ಕೂ ಪೂರ್ತಿ ಒಂದು ಮಿಡಿತ. ಒಟ್ಟು 20 ರೂಪಾಯಿ.
ರಾತ್ರಿ: 118 ÷ 24 = 4 ಪೂರ್ಣ, ಉಳಿದದ್ದು 22 ಸೆಕೆಂಡು. ಒಟ್ಟು 5 ರೂಪಾಯಿ.

ಅದೇ ಮಾತು, ಅದೇ ಮಗ. ಉಳಿತಾಯ 15 ರೂಪಾಯಿ.

ಬಿಲ್ಲಿನಲ್ಲಿ ಒಂದು ಗೊಂದಲ

ಮನೆಯ ದೂರವಾಣಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತಿತ್ತು. ಅದರಲ್ಲಿ ಮೀಟರಿನ ಹಿಂದಿನ ಅಂಕಿ, ಈಗಿನ ಅಂಕಿ, ಒಟ್ಟು ಕರೆಗಳು, ಉಚಿತ ಕರೆಗಳು, ಬಾಡಿಗೆ, ತೆರಿಗೆ ಇರುತ್ತಿದ್ದವು. ಒಂದು ಮಾದರಿ ನೋಡಿ.

ಈಗಿನ ಅಂಕಿ 4,710, ಹಿಂದಿನದು 4,350. ವ್ಯತ್ಯಾಸ 360.
ಉಚಿತ 60 ಕಳೆದರೆ 300. ಕರೆಗೆ 1 ರೂಪಾಯಿಯಂತೆ 300 ರೂ.
ಬಾಡಿಗೆ 200 ರೂ. ಸೇರಿಸಿದರೆ 500 ರೂ.
ತೆರಿಗೆ ನೂರಕ್ಕೆ 10ರಂತೆ 50 ರೂ. ಒಟ್ಟು 550 ರೂ.

'ನಾವು 360 ಸಲ ಫೋನೇ ಮಾಡಿಲ್ಲ' ಎಂದು ಎಷ್ಟೋ ಜನ ಜಗಳಕ್ಕೆ ನಿಲ್ಲುತ್ತಿದ್ದರು. ಅವರು ಹೇಳುವುದೂ ನಿಜವೇ. ಬಿಲ್ಲಿನಲ್ಲಿ 'ಕರೆ' ಎಂದರೆ ಒಂದು ಸಲ ಮಾತನಾಡಿದ್ದು ಎಂದಲ್ಲ, ಒಂದು ಮಿಡಿತ ಎಂದರ್ಥ. ಆ ತಾಯಿಯ ಹಗಲಿನ ಒಂದೇ ಮಾತುಕತೆ ಬಿಲ್ಲಿನಲ್ಲಿ 20 ಕರೆ! ಪದದ ಅರ್ಥ ತಿಳಿದರೆ ಅರ್ಧ ಜಗಳ ಮುಗಿಯುತ್ತದೆ. ನಿಜವಾಗಿಯೂ ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸಿ ಕೇಳಬಹುದು.

ದೂರದ ಬೆಲೆ ಅಳಿಯಿತು

ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿ ಬದಲಿಸುವ ತಂತ್ರ ಬಂತು. ಕೂದಲೆಳೆಯಷ್ಟು ತೆಳುವಾದ ಒಂದು ಗಾಜಿನ ಎಳೆಯಲ್ಲಿ ಲಕ್ಷಕ್ಕೂ ಹೆಚ್ಚು ಕರೆಗಳು ಬೆಳಕಾಗಿ ಸಾಗತೊಡಗಿದವು. ಒಂದು ಕರೆಯ ಪಾಲಿಗೆ ಬರುವ ಖರ್ಚು ತೀರ ಕಡಿಮೆಯಾಯಿತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಯೋಜನೆಯಲ್ಲಿ ದೇಶದ ಯಾವ ಊರಿಗಾದರೂ ನಿಮಿಷಕ್ಕೆ 1 ರೂಪಾಯಿ ಎಂದಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ದರ ತಂದಿತು. 61 ಸೆಕೆಂಡು ಮಾತನಾಡಿದರೆ ನಿಮಿಷದ ಲೆಕ್ಕದಲ್ಲಿ 2 ರೂಪಾಯಿ, ಸೆಕೆಂಡಿನ ಲೆಕ್ಕದಲ್ಲಿ 61 ಪೈಸೆ. ವ್ಯತ್ಯಾಸ ಎಷ್ಟು ನೋಡಿ!

ಈಗ ರೀಚಾರ್ಜಿನ ಕಾಲ. ಇಲ್ಲಿಯೂ ಅಳತೆಯನ್ನು ಗಮನಿಸಬೇಕು. 28 ದಿನದ ಯೋಜನೆಯನ್ನು 'ಒಂದು ತಿಂಗಳು' ಎಂದು ತಿಳಿದರೆ ವರ್ಷಕ್ಕೆ 12 ಸಲ ಸಾಕೆನಿಸುತ್ತದೆ. ಆದರೆ 28 × 13 = 364. ಅಂದರೆ 13 ಸಲ ಹಣ ಕೊಡಬೇಕು. ಈ ಬಗ್ಗೆ ದೂರುಗಳು ಬಂದುದರಿಂದ 2022ರಲ್ಲಿ ಟ್ರಾಯ್, 30 ದಿನದ ಯೋಜನೆಯನ್ನೂ ಇಡಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಮೀಟರು ಹೋಯಿತು, ಎಣಿಸುವ ಕೆಲಸ ಉಳಿಯಿತು.

ನೀವೇ ಮಾಡಿ

1. ಮೇಲಿನ ದರದಂತೆ 121 ಸೆಕೆಂಡಿನ ಕರೆಗೆ ಹಗಲು ಎಷ್ಟು? ತಡರಾತ್ರಿ ಎಷ್ಟು?
2. ಮನೆಯ ಮೊಬೈಲಿನ ರೀಚಾರ್ಜ್ ಎಷ್ಟು ದಿನದ್ದು ಎಂದು ಕೇಳಿ. ಅದರ ಹಣವನ್ನು ದಿನಗಳಿಂದ ಭಾಗಿಸಿ, ಒಂದು ದಿನದ ಖರ್ಚು ಕಂಡುಹಿಡಿಯಿರಿ. ಎರಡು ಯೋಜನೆಗಳನ್ನು ಹೋಲಿಸಿ ಮನೆಯವರಿಗೆ ತಿಳಿಸಿ.
3. ಹಾವೇರಿ ಜಿಲ್ಲೆಯ ನಕ್ಷೆಯಲ್ಲಿ ರಾಣೆಬೆನ್ನೂರು ಮತ್ತು ಬ್ಯಾಡಗಿ ನಡುವಿನ ನೇರ ದೂರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ನಕ್ಷೆಯ ಪ್ರಮಾಣ ಬಳಸಿ ಕಿಲೋಮೀಟರಿಗೆ ಬದಲಿಸಿ.

(ಮೊದಲ ಪ್ರಶ್ನೆಯ ಉತ್ತರ: ಹಗಲು 21 ರೂ., ತಡರಾತ್ರಿ 6 ರೂ.)